ಕಣ್ಣಿಗೆ ತಕ್ಕ ಗೂಡು

ಕುದುರೆಗಾಡಿಗಳ ಕಾಲದಲ್ಲಿ ಸಾರಥಿಯ ಮುಂದೆ ಒಂದು ಅಡ್ಡಹಲಗೆ ಇರುತ್ತಿತ್ತು. ಓಡುವ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿಯಲ್ಲಿ ಕುಳಿತವರ ಮೇಲೆ ಬೀಳದಂತೆ ತಡೆಯುವುದಷ್ಟೇ ಅದರ ಕೆಲಸ. ಇಂಗ್ಲಿಷಿನಲ್ಲಿ ಅದಕ್ಕೆ ಡ್ಯಾಷ್‌ಬೋರ್ಡ್ ಎಂದು ಹೆಸರಾಯಿತು. ಸಿಡಿದು ಬಂದು ಅಪ್ಪಳಿಸುವುದನ್ನು ತಡೆಯುವ ಹಲಗೆ ಎಂದು ತಾತ್ಪರ್ಯ. ಕುದುರೆ ಹೋಯಿತು, ಕೆಸರನ್ನೆರಚುವ ಗೊರಸೂ ಹೋಯಿತು. ಹೆಸರು ಮಾತ್ರ ಮೋಟಾರುಗಾಡಿಗೆ ಬಂದು ನೆಲೆ ನಿಂತಿತು. ಹೆಸರು ಉಳಿದರೂ ಹಲಗೆಯ ಧರ್ಮ ಬದಲಾಯಿತು. ಅಂದು ಅದು ಕಣ್ಣಿಗೆ ಬೀಳುವುದನ್ನು ತಡೆಯುತ್ತಿತ್ತು. ಇಂದು ಕಣ್ಣಿಗೆ ಕಾಣದುದನ್ನು ತೋರಿಸುತ್ತದೆ.

ತೋರಿಸುವುದರಲ್ಲಿಯೂ ಎರಡು ಬಗೆಗಳುಂಟು. ಒಂದು ಮುಳ್ಳಿನ ಬಗೆ, ಇನ್ನೊಂದು ದೀಪದ ಬಗೆ. ಮುಳ್ಳು ದುಂಡನೆಯ ಫಲಕದ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತ ಯಂತ್ರದ ಒಳಗಿನ ಸ್ಥಿತಿಯನ್ನು ಕ್ಷಣಕ್ಷಣಕ್ಕೂ ನಿವೇದಿಸುತ್ತದೆ. ದೀಪವಾದರೋ ಕೊನೆಯವರೆಗೂ ಮೌನವಾಗಿದ್ದು ಒಮ್ಮೆಗೇ ಕೂಗಿಕೊಳ್ಳುತ್ತದೆ. ಎಂಜಿನ್ನಿನ ಎಣ್ಣೆಯ ಒತ್ತಡವನ್ನು ತಿಳಿಸಲು ಬಹುತೇಕ ಚಿಕ್ಕ ಕಾರುಗಳಲ್ಲಿ ಇರುವುದು ಕೆಂಪು ದೀಪವೊಂದೇ. ಒತ್ತಡವು ತೀರ ಕೆಳಕ್ಕೆ ಇಳಿದ ಮೇಲೆಯೇ ಅದು ಹೊತ್ತಿಕೊಳ್ಳುವುದು. ಅಷ್ಟು ಹೊತ್ತಿಗೆ ತಿರುಗುವ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಇರಬೇಕಾದ ಎಣ್ಣೆಯ ತೆಳುಪೊರೆ ಹರಿದು, ಲೋಹವು ಲೋಹವನ್ನು ತಿನ್ನತೊಡಗಿರುತ್ತದೆ. ರೋಗದ ಲಕ್ಷಣವನ್ನು ಹೇಳುವ ವೈದ್ಯನಿಗೂ ಮರಣದ ವಾರ್ತೆಯನ್ನು ತರುವ ಓಲೆಕಾರನಿಗೂ ಇರುವ ಅಂತರವೇ ಮುಳ್ಳಿಗೂ ದೀಪಕ್ಕೂ ಇರುವುದು.

ಆದುದರಿಂದ ಯಂತ್ರವನ್ನು ಬಲ್ಲವರು ಎಣ್ಣೆಯ ಒತ್ತಡಕ್ಕೊಂದು, ನೀರಿನ ಶಾಖಕ್ಕೊಂದು, ಬ್ಯಾಟರಿಯ ವೋಲ್ಟಿಗೊಂದು ಎಂದು ಹೆಚ್ಚಿನ ಮಾಪಕಗಳನ್ನು ತಂದು ಕೂರಿಸಿಕೊಳ್ಳುತ್ತಾರೆ. ಈ ಮಾಪಕಗಳು ಸಾಮಾನ್ಯವಾಗಿ 52 ಮಿಲಿಮೀಟರ್ ವ್ಯಾಸದವು. ಅವು ಅಂಗಡಿಯಲ್ಲಿ ಸಿಗುತ್ತವೆ. ಸಿಗದಿರುವುದು ಅವುಗಳಿಗೊಂದು ಮನೆ. ತಯಾರಾದ ಕಾರಿನ ಹಲಗೆಯಲ್ಲಿ ಅವುಗಳಿಗೆಂದು ಯಾರೂ ಜಾಗ ಬಿಟ್ಟಿರುವುದಿಲ್ಲ. ಆಗ ಗಾಜಿನ ನಾರು ಮತ್ತು ರಾಳಗಳಿಂದ ಒಂದು ಗೂಡನ್ನು ಕೈಯಿಂದಲೇ ಮಾಡಿ ಹಲಗೆಯ ಮೇಲೆ ಕೂರಿಸಬೇಕಾಗುತ್ತದೆ. ಇಂಗ್ಲಿಷಿನವರು ಅದನ್ನು ಪಾಡ್ ಎನ್ನುತ್ತಾರೆ. ಆ ಪದದ ಮೂಲಾರ್ಥ ಕಾಳಿನ ಸಿಪ್ಪೆ. ಅವರೆಕಾಯಿಯೊಳಗೆ ಕಾಳುಗಳು ಸಾಲಾಗಿ ಕುಳಿತಿರುವುದನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಅಂತಹ ಒಂದು ಗೂಡಿನ ಕಥೆಯೇ ಇಲ್ಲಿಯ ವಿಷಯ.

ಕಡೂರಿನ ಕಡೆಯ ಒಂದು ಊರಿನಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಉಪಾಧ್ಯಾಯರೊಬ್ಬರಿದ್ದಾರೆ. ಊರಿನವರೆಲ್ಲರಿಗೂ ಅವರು ಮೇಷ್ಟರು. ಮೂವತ್ತು ವರ್ಷ ಸೈಕಲ್ಲಿನಲ್ಲಿ ಶಾಲೆಗೆ ಹೋಗಿ ಬಂದವರು ನಿವೃತ್ತಿಯ ಹಣದಲ್ಲಿ ಒಂದು ಹಳೆಯ ಚಿಕ್ಕ ಕಾರನ್ನು ಕೊಂಡರು. ಆ ಕಾರನ್ನು ಅವರು ನಡೆಸುತ್ತಿದ್ದುದು ಪಾಠ ಮಾಡುತ್ತಿದ್ದಂತೆಯೇ: ನಿಧಾನವಾಗಿ, ಸ್ಪಷ್ಟವಾಗಿ, ಒಂದು ತಿರುವನ್ನೂ ಬಿಡದೆ ಹಾರನ್ನು ಮಾಡಿ. ಒಬ್ಬನೇ ಮಗ ಬೆಂಗಳೂರಿನಲ್ಲಿ ಫೈಬರ್ ಸಾಮಾನುಗಳನ್ನು ಮಾಡುವ ಕಾರ್ಯಾಗಾರವೊಂದರಲ್ಲಿ ಕೆಲಸಗಾರ. ಬಸ್ಸಿನ ಮುಖ, ನೀರಿನ ತೊಟ್ಟಿ, ಅಂಗಡಿಯ ಗೊಂಬೆ, ಏನನ್ನು ಹೇಳಿದರೂ ಅಚ್ಚು ತೆಗೆದು ಮಾಡಿಕೊಡಬಲ್ಲ ಕುಶಲಿ.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಸಂಸಾರಸಮೇತ ಧರ್ಮಸ್ಥಳಕ್ಕೆ ಹೋಗಿ ಹಿಂದಿರುಗುವಾಗ, ಚಾರ್ಮಾಡಿ ಘಟ್ಟದ ಕೆಳಗೆ ರಸ್ತೆಯಲ್ಲಿ ಬಿದ್ದಿದ್ದ ಕಲ್ಲೊಂದು ಕಾರಿನ ಹೊಟ್ಟೆಗೆ ತಗುಲಿತು. ಎಂಜಿನ್ನಿನ ತಳದಲ್ಲಿರುವ ಎಣ್ಣೆಯ ಪಾತ್ರೆಗೆ ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ, ಅದು ಸೀಳಿತು. ಶಬ್ದ ಕೇಳಿದರೂ ಗಾಡಿ ನಿಲ್ಲಲಿಲ್ಲವಾದುದರಿಂದ ಮೇಷ್ಟರು ಘಟ್ಟವನ್ನು ಹತ್ತಿದರು. ಎಣ್ಣೆ ರಸ್ತೆಯುದ್ದಕ್ಕೂ ಸೋರಿತು. ಕೊಟ್ಟಿಗೆಹಾರ ಇನ್ನೇನು ಬಂತು ಎನ್ನುವಾಗ ಎಂಜಿನ್ ಒಮ್ಮೆ ಬಡಿದುಕೊಂಡು ಬಿಗಿದು ನಿಂತಿತು. ಹಿಂದಿನ ಆಸನದಲ್ಲಿದ್ದ ಮಗ ಕೆಳಗಿಳಿದು, ಬಗ್ಗಿ ನೋಡಿ, ಎದ್ದು ನಿಂತು ಒಂದೇ ಮಾತು ಕೇಳಿದ: “ಕೆಂಪು ದೀಪ ಹೊತ್ತಿದ್ದು ಕಾಣಲಿಲ್ಲವೆ, ಅಪ್ಪಾಜಿ? ಅಷ್ಟೂ ನೋಡಬಾರದೆ?”

ಮೇಷ್ಟರು ಉತ್ತರ ಕೊಡಲಿಲ್ಲ. ಸಾವಿರಾರು ಮಕ್ಕಳಿಗೆ “ಗಮನವಿಟ್ಟು ನೋಡು” ಎಂದು ಹೇಳಿದ್ದವರಿಗೆ, ನೋಡಲಿಲ್ಲವೆಂಬ ಆಪಾದನೆ ತಮ್ಮ ಮಗನ ಬಾಯಿಂದಲೇ ಬಂದಿತ್ತು. ಅಂದಿನಿಂದ ಅವರು ಕಾರಿನ ಬೀಗದ ಕೈಯನ್ನು ಮುಟ್ಟಲಿಲ್ಲ. ಹಿತ್ತಲ ಮಾಡದ ಕೆಳಗೆ ಕಾರು ಧೂಳು ಹಿಡಿದು ನಿಂತಿತು. ತಂದೆಮಗ ಮಾತು ಬಿಟ್ಟವರಲ್ಲ; ಹಬ್ಬ ಬಂತು, ಮಳೆ ಬಂತು, ತೆಂಗಿನ ಬೆಲೆ ಇಳಿಯಿತು ಎಂದು ಮಾತಾಡಿದರು. ಕಾರಿನ ಮಾತು ಬಂದಾಗ ಮಾತ್ರ ಮೇಷ್ಟರು ವೃತ್ತಪತ್ರಿಕೆಯನ್ನು ಬಿಡಿಸಿಕೊಳ್ಳುತ್ತಿದ್ದರು.

ಎರಡು ವರ್ಷಗಳ ಮೇಲೆ ಮಗ ರಜೆ ಹಾಕಿ ಬಂದು ಎಂಜಿನ್ನನ್ನು ಬಿಚ್ಚಿಸಿ ರಿಪೇರಿ ಮಾಡಿಸಿದ. ಇನ್ನೊಮ್ಮೆ ಹಾಗಾಗಬಾರದೆಂದು ಮೂರು ಮಾಪಕಗಳನ್ನು ತಂದ. ಅವುಗಳ ಹಿಂದಿನ ವಿದ್ಯೆ ಹಳೆಯದು. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡನ್ ಎಂಬಾತ ಒತ್ತಡಮಾಪಕವೊಂದಕ್ಕೆ ಹಕ್ಕುಪತ್ರ ಪಡೆದ. ಚಪ್ಪಟೆಯಾದ ಕೊಳವೆಯನ್ನು ಕೊಕ್ಕೆಯಂತೆ ಬಾಗಿಸಿ ಒಂದು ಕೊನೆಯನ್ನು ಮುಚ್ಚಿದರೆ, ಒಳಗೆ ಒತ್ತಡ ಹೆಚ್ಚಿದಂತೆ ಅದು ನೆಟ್ಟಗಾಗಲು ಹವಣಿಸುತ್ತದೆ. ಆ ಅಲ್ಪ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಆದರೆ ಆ ಬಗೆಯ ಮಾಪಕಕ್ಕೆ ಬಿಸಿ ಎಣ್ಣೆಯನ್ನೇ ಸಣ್ಣ ಕೊಳವೆಯ ಮೂಲಕ ಕಾರಿನೊಳಕ್ಕೆ ತರಬೇಕು. ಕೊಳವೆ ಒಡೆದರೆ ಎಣ್ಣೆ ಕಾಲಿನ ಮೇಲೆಯೇ ಸುರಿದೀತು. ಹಾಗಾಗಿ ಮಗ ವಿದ್ಯುತ್ತಿನ ಮಾಪಕವನ್ನೇ ಆರಿಸಿ, ಒತ್ತಡವನ್ನು ಅರಿಯುವ ಸಾಧನವನ್ನು ಎಂಜಿನ್ನಿನ ಬಳಿ ಕವಲುಕೊಳವೆಯೊಂದಕ್ಕೆ ಜೋಡಿಸಿದ. ಕವಲಿನ ಇನ್ನೊಂದು ಬಾಯಲ್ಲಿ ಹಳೆಯ ದೀಪದ ಸ್ವಿಚ್ಚೂ ಉಳಿಯಿತು. ಹೊಸ ಕಾವಲುಗಾರ ಬಂದನೆಂದು ಹಳಬನನ್ನು ಕಳುಹಿಸಬೇಕಾಗಿಲ್ಲವಷ್ಟೆ.

ಗೂಡಿನ ಕೆಲಸಕ್ಕೆ ತೊಡಗುವ ಮುನ್ನ ಅದರ ಸಾಮಗ್ರಿಯ ಮಾತು ಒಂದಿಷ್ಟು ಅವಶ್ಯಕ. ಗಾಜು ಎಂದರೆ ಒಡೆಯುವ ವಸ್ತು ಎಂಬುದು ಲೋಕರೂಢಿ. ಆದರೆ ಅದನ್ನು ಕರಗಿಸಿ ಕೂದಲಿಗಿಂತಲೂ ಸೂಕ್ಷ್ಮವಾದ ಎಳೆಯಾಗಿ ತೆಗೆದರೆ ಅದೇ ಗಾಜು ಬಾಗುತ್ತದೆ, ಎಳೆತಕ್ಕೆ ಉಕ್ಕಿನಂತೆ ತಡೆದು ನಿಲ್ಲುತ್ತದೆ. 1932ರಲ್ಲಿ ಅಮೆರಿಕದ ಡೇಲ್ ಕ್ಲೈಸ್ಟ್ ಎಂಬ ತರುಣ ಸಂಶೋಧಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಯತ್ನಿಸುತ್ತಿದ್ದಾಗ, ಒತ್ತಡದ ಗಾಳಿ ಕರಗಿದ ಗಾಜಿಗೆ ತಾಗಿ ನವಿರಾದ ಎಳೆಗಳು ಚಿಮ್ಮಿದವು. ಆಕಸ್ಮಿಕವಾಗಿ ಕಂಡುದನ್ನು ಆತ ಕಸವೆಂದು ಗುಡಿಸಿಹಾಕಲಿಲ್ಲ. ಅದರಿಂದ ಒಂದು ಉದ್ಯಮವೇ ಬೆಳೆದು, 1938ರಲ್ಲಿ ಓವೆನ್ಸ್-ಕಾರ್ನಿಂಗ್ ಸಂಸ್ಥೆ ಸ್ಥಾಪಿತವಾಯಿತು. 1953ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಕಾರ್ವೆಟ್ ಕಾರು ಗಾಜಿನ ನಾರಿನ ಮೈಯನ್ನೇ ತೊಟ್ಟು ಹೊರಬಂತು. ಕನ್ನಡನಾಡಿಗೂ ಈ ವಿದ್ಯೆ ಅಪರಿಚಿತವಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ತಯಾರಿಸುತ್ತಿದ್ದ ಡಾಲ್ಫಿನ್ ಎಂಬ ಪುಟ್ಟ ಕಾರಿನ ಮೈ ಸಹ ಇದೇ ಫೈಬರಿನದು.

ಎಳೆ ಒಂದೇ ಇದ್ದರೆ ಆಕಾರ ನಿಲ್ಲದು. ರಾಳ ಒಂದೇ ಇದ್ದರೆ ಬಿರಿದು ಹೋದೀತು. ಎರಡೂ ಕೂಡಿದಾಗಲೇ ಬಲ. ರಾಳವನ್ನು ಗಟ್ಟಿಗೊಳಿಸಲು ಇನ್ನೆರಡು ದ್ರವಗಳು ಬೇಕು: ನೇರಿಳೆ ಬಣ್ಣದ ಕೋಬಾಲ್ಟ್ ಒಂದು, ನೀರಿನಂತೆ ತಿಳಿಯಾದ ಹಾರ್ಡನರ್ ಒಂದು. ಮೊದಲು ಕೋಬಾಲ್ಟನ್ನು ರಾಳದಲ್ಲಿ ಚೆನ್ನಾಗಿ ಬೆರೆಸಿ, ಆಮೇಲೆಯೇ ಹಾರ್ಡನರನ್ನು ಸೇರಿಸಬೇಕು. ಇವೆರಡನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗುವ ಭಯವುಂಟು. ಹಾರ್ಡನರಿನ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಕೇಡು. 100 ಗ್ರಾಂ ರಾಳಕ್ಕೆ ಒಂದೆರಡು ಗ್ರಾಂ ಹಾರ್ಡನರ್ ಸಾಕು. ಕಡಿಮೆಯಾದರೆ ದಿನಗಳು ಕಳೆದರೂ ಕೈಗೆ ಅಂಟುತ್ತದೆ; ಹೆಚ್ಚಾದರೆ ರಾಳ ತನ್ನೊಳಗೇ ಕುದಿಯುತ್ತದೆ.

ಕುಶಲಿಯೆಂದು ಹೆಸರಾದವನಿಗೂ ಆತುರ ತಪ್ಪಲಿಲ್ಲ. ರಜೆ ಮುಗಿಯುವ ಮುನ್ನ ಕೆಲಸ ಮುಗಿಸಬೇಕೆಂದು ಮೊದಲ ದಿನವೇ ಅವನು ಅಳತೆ ಮೀರಿ ಹಾರ್ಡನರ್ ಸುರಿದ. ಡಬ್ಬಿಯಲ್ಲಿದ್ದ ರಾಳ ಬಿಸಿಯೇರಿ, ಹೊಗೆಯಾಡಿ, ಬಿರುಕುಬಿಟ್ಟು ಕಲ್ಲಾಯಿತು. ಜಗುಲಿಯ ಮೇಲಿಂದ ಮೇಷ್ಟರು ಹೊಗೆಯನ್ನು ನೋಡಿದರು, ಏನೂ ಹೇಳಲಿಲ್ಲ.

ಮರುದಿನ ಕೆಲಸ ಕ್ರಮಕ್ಕೆ ಬಂತು. ಕಾರಿನ ಹಲಗೆಯ ನಡುಭಾಗಕ್ಕೆ ಅಂಟುಕಾಗದವನ್ನು ಹೊದಿಸಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಹಾಸಿ, ರಾಳ ಹಿಡಿಯದಂತೆ ಮೇಣ ಸವರಿದ. ಅದರ ಮೇಲೆ ಗಾಜಿನ ನಾರಿನ ಮ್ಯಾಟನ್ನು ತುಂಡುತುಂಡಾಗಿ ಹರಿದು ಇಟ್ಟು, ಕುಂಚದಿಂದ ರಾಳವನ್ನು ಕುಟ್ಟಿ ಕುಟ್ಟಿ ಇಳಿಸಿದ. ಬಿಳಿಯ ಮ್ಯಾಟು ರಾಳವನ್ನು ಕುಡಿದು ಪಾರದರ್ಶಕವಾಗುತ್ತದೆ. ಎಲ್ಲಿ ಬೆಳ್ಳಗೆ ಉಳಿಯಿತೋ ಅಲ್ಲಿ ಗಾಳಿ ಸಿಕ್ಕಿದೆ ಎಂದರ್ಥ. ಮೂರು ಪದರ ಹಾಕಿ ಒಣಗಿಸಿ ಎಬ್ಬಿಸಿದಾಗ ಹಲಗೆಯ ಉಬ್ಬುತಗ್ಗುಗಳನ್ನು ಯಥಾವತ್ತಾಗಿ ಹೊತ್ತ ಅಡಿಪಾಯ ಕೈಗೆ ಬಂತು. ಪ್ಲೈವುಡ್ಡಿನಲ್ಲಿ ಮಾಪಕಕ್ಕಿಂತ ಒಂದು ಮಿಲಿಮೀಟರ್ ಹಿರಿದಾದ ಮೂರು ಬಳೆಗಳನ್ನು ಕೊಯ್ದು, ಸಣ್ಣ ಕಡ್ಡಿಗಳ ಮೇಲೆ ಅಡಿಪಾಯಕ್ಕೆ ನಿಲ್ಲಿಸಿದ. ಹಿಗ್ಗುವ ಬಟ್ಟೆಯೊಂದನ್ನು ಬಳೆಗಳ ಮೇಲೆ ಬಿಗಿಯಾಗಿ ಎಳೆದು ಅಂಟಿಸಿದ. ಮದ್ದಳೆಗೆ ತೊಗಲು ಬಿಗಿಯುವಂತಹ ಕೆಲಸವದು. ಒಂದು ಕಡೆ ಸಡಿಲವಾದರೂ ಸುಕ್ಕು ಅಲ್ಲಿಯೇ ಶಾಶ್ವತ. ಬಟ್ಟೆಗೆ ರಾಳ ಕುಡಿಸಿ ಗಟ್ಟಿಯಾದ ಮೇಲೆ, ಒಳಗಿನಿಂದ ಮತ್ತೆ ಮ್ಯಾಟಿನ ಪದರ ಕೊಟ್ಟು, ಬಳೆಗಳ ಬಾಯಿಯನ್ನು ಕತ್ತರಿಸಿ ತೆರೆದ.

ಆಮೇಲಿನದು ಉಜ್ಜುವ ಕೆಲಸ. ಪುಟ್ಟಿ ಹಚ್ಚುವುದು, ಉಜ್ಜುವುದು, ತಗ್ಗು ಕಂಡಲ್ಲಿ ಮತ್ತೆ ಹಚ್ಚುವುದು. 80ನೆಯ ನಂಬರಿನ ಒರಟು ಕಾಗದದಿಂದ ತೊಡಗಿ 400ರ ನಯವಾದ ಕಾಗದದವರೆಗೆ ಮೂರು ದಿನ ಅದೇ ತಪಸ್ಸು. ಗಾಜಿನ ಪುಡಿ ಮೈಗೆ ತಾಗಿದರೆ ತುರಿಕೆ, ಉಸಿರಿಗೆ ಹೋದರೆ ಕೆಮ್ಮು. ಮೂಗಿಗೆ ಮುಸುಕು, ತುಂಬುತೋಳಿನ ಅಂಗಿ, ಕೈಗೆ ಚೀಲ ಇಲ್ಲದೆ ಈ ಕೆಲಸಕ್ಕೆ ಕೂರಬಾರದು. ಕಣ್ಣಿಗೆ ಕಾಣದ ಏರಿಳಿತವನ್ನು ಅಂಗೈ ಹೇಳುತ್ತದೆ. ಕೊನೆಗೆ ಹೊಳೆಯುವ ಕರಿಯ ಬಣ್ಣ ಬಳಿದು ಮೂರು ಮಾಪಕಗಳನ್ನು ಕೂರಿಸಿದಾಗ ಗೂಡು ಕಾರ್ಖಾನೆಯಿಂದಲೇ ಬಂದಂತೆ ಒಪ್ಪಿತು. ನೆರೆಹೊರೆಯವರು ಬಂದು ಹೊಗಳಿದರು.

ಮಗ ಕರೆದ ಮೇಲೆ ಮೇಷ್ಟರು ಬಂದು ಸಾರಥಿಯ ಆಸನದಲ್ಲಿ ಕುಳಿತರು. ಕೀಲಿ ತಿರುಗಿಸಿದರು. ಎಂಜಿನ್ ನಡೆಯಿತು. ಗೂಡನ್ನು ದಿಟ್ಟಿಸಿದರು. “ಚೆನ್ನಾಗಿದೆ” ಎಂದರು. ಎಂಜಿನ್ ನಿಲ್ಲಿಸಿ, ಇಳಿದು, ಒಳಗೆ ಹೋದರು.

ಆ ರಾತ್ರಿ ಊಟಕ್ಕೆ ಬಡಿಸುತ್ತ ತಾಯಿ ಹೇಳಿದಳು: “ಅವರಿಗೆ ಚೆನ್ನಾಗಿ ಕಂಡಿತು ಮಗಾ; ಓದಲು ಕಾಣಲಿಲ್ಲ. ನಿನ್ನ ಬಳಿ ಹೇಳಿಕೊಳ್ಳುವುದಿಲ್ಲ ಅವರು.”

ಮಗ ಊಟದ ಕೈ ತೊಳೆದು ಲಾಂದ್ರ ಹಿಡಿದು ಕಾರಿನ ಬಳಿಗೆ ಹೋದ. ಅವನು ಎತ್ತರದ ಆಳು, ತಂದೆ ಗಿಡ್ಡ. ಮಾಪಕದ ಬಳೆಗಳನ್ನೆಲ್ಲ ಅವನು ನಿಲ್ಲಿಸಿದ್ದುದು ಆಸನವನ್ನು ಹಿಂದಕ್ಕೆ ಸರಿಸಿ, ತನ್ನ ಕಣ್ಣಿನ ನೇರಕ್ಕೆ. ಈಗ ಆಸನವನ್ನು ತಂದೆ ಇಟ್ಟುಕೊಳ್ಳುವಷ್ಟು ಮುಂದಕ್ಕೆ ಎಳೆದು, ಬೆನ್ನನ್ನು ಕುಗ್ಗಿಸಿ, ಅವರ ಕಣ್ಣಿರುವ ಎತ್ತರಕ್ಕೆ ತನ್ನ ಕಣ್ಣನ್ನು ಇಳಿಸಿದ. ಮಾಪಕಗಳು ಓರೆಯಾಗಿ ಕಂಡವು. ಮುಳ್ಳು ಫಲಕಕ್ಕೆ ಅಂಟಿಕೊಂಡಿರುವುದಿಲ್ಲ, ತುಸು ಮೇಲೆ ನಿಂತಿರುತ್ತದೆ. ಓರೆಯಿಂದ ನೋಡಿದವನಿಗೆ ಅದು ಪಕ್ಕದ ಅಂಕೆಯನ್ನು ತೋರಿಸುತ್ತದೆ. ಸತ್ಯವನ್ನೇ ಹೇಳುವ ಮುಳ್ಳು ನೋಟದ ದೋಷದಿಂದ ಸುಳ್ಳಾಗುವ ಬಗೆ ಇದು. ಸಾಲದುದಕ್ಕೆ ಹೊಳೆಯುವ ಬಣ್ಣ ಲಾಂದ್ರದ ಬೆಳಕನ್ನೆಲ್ಲ ಮುಂದಿನ ಗಾಜಿಗೆ ಎಸೆಯುತ್ತಿತ್ತು. ಹಗಲಿನಲ್ಲಿ ಸೂರ್ಯನನ್ನೂ ಹಾಗೆಯೇ ಎಸೆದೀತು.

ಇಷ್ಟನ್ನು ಕಂಡು ಅವನು ಕೀಲಿಯನ್ನು ಅರ್ಧಕ್ಕೆ ತಿರುಗಿಸಿದ. ಎಂಜಿನ್ ನಡೆಯದೆ ಕೀಲಿ ಮಾತ್ರ ತಿರುಗಿದಾಗ ಎಚ್ಚರಿಕೆಯ ದೀಪಗಳು ಹೊತ್ತಿಕೊಳ್ಳುವುದು ಎಲ್ಲ ಕಾರುಗಳಲ್ಲಿಯೂ ಇರುವ ಏರ್ಪಾಡು. ಎಣ್ಣೆಯ ಕೆಂಪು ದೀಪ ಅವನಿಗೆ ಕಾಣಲಿಲ್ಲ. ಕೆಟ್ಟಿರಬೇಕೆಂದು ತಲೆಯೆತ್ತಿ ನೋಡಿದ; ಉರಿಯುತ್ತಿತ್ತು. ತಲೆ ತಗ್ಗಿಸಿದ, ಮಾಯವಾಯಿತು. ತಂದೆಯ ಎತ್ತರದಲ್ಲಿ ಕುಳಿತವರಿಗೆ ಸ್ಟಿಯರಿಂಗ್ ಚಕ್ರದ ಅಡ್ಡತೋಳು ಆ ದೀಪವನ್ನು ಪೂರ್ತಿಯಾಗಿ ಮರೆಮಾಡಿತ್ತು. ಚಾರ್ಮಾಡಿಯಲ್ಲಿ ಮಾತ್ರವಲ್ಲ, ಕಾರು ಕೊಂಡ ದಿನದಿಂದಲೂ ಮೇಷ್ಟರು ಆ ದೀಪವನ್ನು ಕಂಡಿರಲೇ ಇಲ್ಲ.

ಲಾಂದ್ರದ ಎಣ್ಣೆ ಮುಗಿಯುವವರೆಗೂ ಅವನು ಅಲ್ಲಿಯೇ ಕುಳಿತಿದ್ದ. ಬೆಳಿಗ್ಗೆ ತಂದೆ ಜಗುಲಿಗೆ ಬಂದಾಗ ಅವನ ಕೈಯಲ್ಲಿ ಒಂದು ಉಂಡೆ ದಾರವಿತ್ತು.

“ಅಪ್ಪಾಜಿ, ಆ ದೀಪ ನಿಮ್ಮ ಕಣ್ಣಿಗೆ ಬೀಳುವ ಹಾಗೆಯೇ ಇಲ್ಲ. ನಿನ್ನೆ ರಾತ್ರಿ ನಿಮ್ಮ ಜಾಗದಲ್ಲಿ ಕುಳಿತು ನೋಡಿದೆ. ಅಂದು ನಾನು ಆಡಿದ ಮಾತು ತಪ್ಪು.”

ಮೇಷ್ಟರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ದಾರವನ್ನು ನೋಡಿ ಕೇಳಿದರು: “ಇದೇತಕ್ಕೆ?”

“ಅಳತೆ ತೆಗೆಯಬೇಕು. ನೀವು ಕೂರಬೇಕು.”

“ಹಾಗಾದರೆ ಕನ್ನಡಕ ತರುತ್ತೇನೆ, ತಡಿ” ಎಂದರು ಮೇಷ್ಟರು.

ಎರಡನೆಯ ಗೂಡು ಹೀಗೆ ದಾರದಿಂದ ಪ್ರಾರಂಭವಾಯಿತು. ಮೇಷ್ಟರು ಎಂದಿನ ಭಂಗಿಯಲ್ಲಿ ಕುಳಿತರು. ಕನ್ನಡಕದ ನಡುವಿನಿಂದ ಹಲಗೆಯವರೆಗೆ ಮೂರು ದಾರಗಳನ್ನು ಎಳೆದು, ಒಂದೊಂದು ದಾರಕ್ಕೂ ಒಂದೊಂದು ಬಳೆ ನೇರ ಮುಖ ಕೊಟ್ಟು ನಿಲ್ಲುವಂತೆ ಕಡ್ಡಿಗಳನ್ನು ಕೊಯ್ದದ್ದಾಯಿತು. ಗೂಡು ರಸ್ತೆಯ ನೋಟಕ್ಕೆ ಅಡ್ಡವಾಗದಂತೆಯೂ, ಆಕಸ್ಮಿಕವಾದರೆ ಪಕ್ಕದಲ್ಲಿ ಕುಳಿತವರ ತಲೆಗೆ ತಾಗದಂತೆಯೂ ತಗ್ಗಿಸಲಾಯಿತು. ಗಾಳಿಚೀಲವಿರುವ ಹೊಸ ಕಾರುಗಳಲ್ಲಾದರೆ ಅದು ಅರಳುವ ದಾರಿಯನ್ನೂ ಬಿಟ್ಟೇ ಇಂತಹ ಗೂಡನ್ನು ಇಡಬೇಕು. ಆ ಹಳೆಯ ಕಾರಿನಲ್ಲಿ ಅದಿರಲಿಲ್ಲ. ತಂದಿದ್ದ ಬಟ್ಟೆ ಮೊದಲ ಗೂಡಿಗೇ ಮುಗಿದಿದ್ದುದರಿಂದ ತಾಯಿ ಮೇಷ್ಟರದೊಂದು ಹಳೆಯ ಬನಿಯನ್ನು ತಂದುಕೊಟ್ಟಳು. ಚೆನ್ನಾಗಿ ಹಿಗ್ಗುವ ಬಟ್ಟೆ. ರಾಳವನ್ನೂ ಚೆನ್ನಾಗಿ ಕುಡಿಯಿತು. ಬಣ್ಣ ಈ ಸಲ ಹೊಳಪಿಲ್ಲದ ಮಾಸಲು ಕಪ್ಪು.

ಇನ್ನೊಂದು ತೊಡಕು ಉಳಿದಿತ್ತು. ನೇರವಾಗಿ ಕಂಡರೂ ಅಷ್ಟು ಸಣ್ಣ ಅಂಕೆಗಳನ್ನು ವಯಸ್ಸಾದ ಕಣ್ಣು ಓಡುವ ಗಾಡಿಯಲ್ಲಿ ಓದಬಲ್ಲುದೆ? ಇದಕ್ಕೆ ಪಂದ್ಯದ ಕಾರುಗಳವರು ಕಂಡುಕೊಂಡ ಉಪಾಯವೊಂದಿದೆ. ಗಾಡಿ ಸ್ವಸ್ಥವಾಗಿ ಓಡುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆಯೋ ಆ ಜಾಗ ನೆತ್ತಿಗೆ ಬರುವಂತೆ ಮಾಪಕವನ್ನೇ ಅದರ ಬಳೆಯಲ್ಲಿ ತಿರುಗಿಸಿ ಕೂರಿಸುವುದು. ಆಗ ಅಂಕೆಗಳು ಓರೆಯಾದರೂ ಚಿಂತೆಯಿಲ್ಲ. ಎಲ್ಲವೂ ಸರಿಯಾಗಿದ್ದರೆ ಮುಳ್ಳುಗಳೆಲ್ಲ ನೆಟ್ಟಗೆ ನಿಂತಿರುತ್ತವೆ. ಒಂದು ವಾಲಿದರೂ ಓದದೆಯೇ ತಿಳಿಯುತ್ತದೆ. ಮಗ ಮೂರು ಮಾಪಕಗಳನ್ನೂ ಹಾಗೆ ತಿರುಗಿಸಿ ಬಿಗಿದ.

ಗೂಡು ಅಂದದಲ್ಲಿ ಮೊದಲನೆಯದಕ್ಕೆ ಸಮನಾಗಲಿಲ್ಲ. ಮೂರು ಬಳೆಗಳು ಮೂರು ದಿಕ್ಕಿಗೆ ತುಸುತುಸುವೇ ಹೊರಳಿದ್ದರಿಂದ ಪಕ್ಕದಿಂದ ನೋಡಿದವರಿಗೆ ಅದು ಸೊಟ್ಟಗೆ ಕಂಡಿತು. ನೆರೆಮನೆಯವರೊಬ್ಬರು “ಮೊದಲಿನದೇ ಚೆನ್ನಾಗಿತ್ತಲ್ಲ” ಎಂದರು. ಅವರು ನೋಡಿದ್ದು ಪಕ್ಕದಿಂದ. ಗೂಡು ಮಾಡಿದ್ದುದು ಒಂದೇ ಒಂದು ಜೋಡಿ ಕಣ್ಣಿಗೆ.

ಬೆಳಗಿನ ತಂಪಿನಲ್ಲಿ ಮೇಷ್ಟರು ಕಾರನ್ನು ಹೊರತೆಗೆದರು. ಪಕ್ಕದಲ್ಲಿ ಮಗ ಕುಳಿತ. ಎಂಜಿನ್ ನಡೆದೊಡನೆ ಎಣ್ಣೆಯ ಮುಳ್ಳು ಎದ್ದಿತು. ಬ್ಯಾಟರಿಯ ಮುಳ್ಳೂ ಎದ್ದಿತು. ನೀರಿನ ಶಾಖದ ಮುಳ್ಳು ಮಾತ್ರ ಮಲಗಿಯೇ ಇತ್ತು. ಮೇಷ್ಟರು ಅದರತ್ತ ಬೆರಳು ತೋರಿ “ಇವನೇಕೆ ಏಳಲಿಲ್ಲ?” ಎಂದು ಕೇಳಿದರು. ಎಂಜಿನ್ ಬಿಸಿಯಾಗಬೇಕು, ಸ್ವಲ್ಪ ದೂರ ಹೋಗಬೇಕು ಎಂದು ಮಗ ವಿವರಿಸಿದ. ಮೇಷ್ಟರು ತಲೆದೂಗಿ ಗಾಡಿಯನ್ನು ಬಿಟ್ಟರು. ತಿರುವು ತಿರುವಿಗೂ ಹಾರನ್ನು ಮಾಡಿದರು. ಕೆರೆಯ ಏರಿ ದಾಟಿ, ತೆಂಗಿನ ತೋಟಗಳು ಮುಗಿದು, ದೊಡ್ಡ ರಸ್ತೆ ಸೇರುವ ಹೊತ್ತಿಗೆ ಮೂರನೆಯ ಮುಳ್ಳೂ ಮೆಲ್ಲಮೆಲ್ಲನೆ ಎದ್ದು ನೆಟ್ಟಗೆ ನಿಂತಿತು.

ಮೇಷ್ಟರು ಒಮ್ಮೆ ಕಣ್ಣು ಹಾಯಿಸಿದರು; ತಲೆ ತಗ್ಗಿಸಲಿಲ್ಲ, ಕತ್ತು ಚಾಚಲಿಲ್ಲ. ಮೂವತ್ತು ವರ್ಷ ದಿನಕ್ಕೆರಡು ಸಲ ಹಾಜರಿ ಕರೆದ ಧ್ವನಿಯಲ್ಲಿ ಹೇಳಿದರು:

“ತಡವಾಗಿ ಬಂದ. ಪರವಾಗಿಲ್ಲ. ಮೂವರೂ ಹಾಜರು.”